ಹೆಗ್ಡೆಯವರ ಬಸ್ಸಿನ ಹಣೆದೀಪ

ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ಚಂದು ತೆಂಗಿನ ನಾರಿಗೆ ಬೂದಿ ಮುಟ್ಟಿಸಿಕೊಂಡು ಗಂಡನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಗಂಜಿ ಪಾತ್ರೆಯ ತಳ ತಿಕ್ಕುವ ಹಾಗೆ ತಿಕ್ಕುತ್ತಿದ್ದಳು. ಅಂಗಳದಲ್ಲಿ ಬಾಳೆಯೆಲೆಯ ಮೇಲೆ ಮಲಗಿದ್ದ ಸೋಮ ಬೇಡವೆನ್ನುವ ಹಾಗಿರಲಿಲ್ಲ. ಬದುಕಿದ್ದಾಗ ಈ ಕೈಯನ್ನು ಅವನು ಯಾರಿಗೂ ಹೀಗೆ ಒಪ್ಪಿಸಿದವನಲ್ಲ.

"ಸಾಕ್ ಬಿಡ್ ಅತ್ತಿಗೆ," ಎಂದಳು ನಾದಿನಿ ಪುಷ್ಪ, ಚೆಂಬಿನಿಂದ ನೀರು ಹೊಯ್ಯುತ್ತ. "ಅದ್ ವಯರಿನ ಕಪ್ಪ್. ಹೋತಿಲ್ಲೆ."

"ವಯರಿನ ಕಪ್ಪಲ್ಲ ಮಾರಾಯ್ತಿ. ಮೂಸಿ ಕಾಣ್. ದೋಣಿ ವಾಸ್ನಿ."

ಪುಷ್ಪ ಬಗ್ಗಿ ಮೂಸಿದಳು. ರಾಳ, ಮೀನೆಣ್ಣೆ. ದೋಣಿಯ ಹಲಗೆಗಳ ಸಂದಿಗೆ ಬಳಿಯುವ ಮೇಣದ ವಾಸನೆಯೇ ಹೌದು. ಇಪ್ಪತ್ತು ವರ್ಷದಿಂದ ದೋಣಿ ಹತ್ತದ, ಬಸ್ಸು ಲಾರಿಗಳ ದೀಪವೇ ತನ್ನ ದೇವರೆಂದು ಬದುಕಿದ ಅಣ್ಣನ ಕೈಯಲ್ಲಿ ಅದು ಹೇಗೆ ಬಂತೆಂದು ಅವಳಿಗೂ ಹೊಳೆಯಲಿಲ್ಲ. ಅದನ್ನು ಯೋಚಿಸುತ್ತ ಕೂರುವ ಹೊತ್ತೂ ಅದಾಗಿರಲಿಲ್ಲ. ಬೆಳಿಗ್ಗೆ ಗಂಜಿಗೆ ಕೂತವನು ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದ, ಅಷ್ಟೇ. ಚಂದು ಉಪ್ಪಿನಕಾಯಿ ಹಿಡಿದುಕೊಂಡು ಒಳಗಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಹೊತ್ತು ಏರಿತ್ತು. ತ್ರಾಸಿಯ ಕಡಲ ದಂಡೆಯಲ್ಲಿ ಗಂಡಸರು ಸೌದೆ ಒಟ್ಟುತ್ತಿದ್ದರು.

ರಸ್ತೆಯ ಕಡೆಯಿಂದ ಯಾರೋ ಕೂಗಿ ಕೇಳಿದರು. "ಹ್ವಾಯ್, ಅಲ್ಲೆಂತ ಜನ?"

"ಕತ್ತಲೆ ಸೋಮ ಹೋದ್ನಂಬ್ರ್!"

ಚಂದುವಿನ ಕೈಯಲ್ಲಿದ್ದ ನಾರು ಅಲ್ಲೇ ನಿಂತಿತು. ಮೂರು ವರ್ಷದಿಂದ ಕೇಳುತ್ತಿದ್ದ ಹೆಸರು. ಬಾವಿಕಟ್ಟೆಯಲ್ಲಿ ಕೇಳಿದ್ದಳು, ಸಂತೆಯಲ್ಲಿ ಕೇಳಿದ್ದಳು, ಬೈಂದೂರಿನ ನೆಂಟರ ಮದುವೆಯ ಚಪ್ಪರದಲ್ಲಿ ಊಟಕ್ಕೆ ಕೂತಾಗಲೂ ಕೇಳಿದ್ದಳು. ಇವತ್ತು ಒಂದು ದಿನ, ಇವತ್ತೊಂದೇ ದಿನ, ಅದು ಯಾರ ಬಾಯಲ್ಲೂ ಬಾರದಿರಲಿ ಎಂದು ಬೆಳಗಿನಿಂದ ಹಂಬಲಿಸುತ್ತಿದ್ದಳು. ಗಂಡ ಸುಟ್ಟು ಬೂದಿಯಾಗುತ್ತಾನೆ, ಆ ಹಾಳು ಹೆಸರು ಮಾತ್ರ ಸುಡದೆ ಊರಲ್ಲಿ ಉಳಿಯುತ್ತದೆ ಎಂಬ ಯೋಚನೆಗೆ ಅವಳ ಹೊಟ್ಟೆ ಉರಿಯಿತು. ಸತ್ತದ್ದಕ್ಕಿಂತ ಅದಕ್ಕೇ ಹೆಚ್ಚು ಉರಿಯಿತೆಂದರೂ ಸುಳ್ಳಲ್ಲ.

ಅಷ್ಟರಲ್ಲಿ ಬೈಂದೂರಿನ ಬಸ್ಸು ಬಂದು ರಸ್ತೆಯ ಬದಿಗೆ ನಿಂತಿತು. ಭೋಜರಾಜ ಹೆಗ್ಡೆಯವರ ಬಸ್ಸು. ಹಣೆಯ ಮೇಲೆ, ಮಾಡಿನ ಅಂಚಿನಲ್ಲಿ, ಒಂದು ದೊಡ್ಡ ದೀಪ. ಡ್ರೈವರ್ ಹಿರಿಯಣ್ಣ ಇಳಿದು, ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಹಿಂದೆಯೇ ಹೆಗ್ಡೆಯವರೂ ಇಳಿದರು. ಕುಂದಾಪುರಕ್ಕೆ ಕೋರ್ಟು ಕೆಲಸಕ್ಕೆ ಹೊರಟಿದ್ದರಂತೆ. ಬಿಳಿ ಶರ್ಟು, ಜರಿ ಅಂಚಿನ ಶಾಲು. ಅಂಗಳಕ್ಕೆ ಬಂದು ಸೋಮನ ಮುಖ ನೋಡಿ ಕೈಮುಗಿದರು. ಮನುಷ್ಯ ಕೆಟ್ಟವರಲ್ಲ, ಬಾಯಿ ಮಾತ್ರ ಸ್ವಲ್ಪ ದೊಡ್ಡದು.

"ಪಾಪ," ಎಂದರು, ನಿಜವಾಗಿಯೂ ಮರುಗಿ. "ಎಂತ ಆದ್ರೂ ಕತ್ತಲೆ ಸೋಮ ಮನ್ಸ ಒಳ್ಳೆಯವ."

ಬಸ್ಸಿನಿಂದ ಇಳಿದು ಬಂದಿದ್ದ ನಾಲ್ಕು ಜನ ಹೌದು ಹೌದೆಂದು ತಲೆಯಾಡಿಸಿದರು. ಬೈದಿದ್ದರೆ ಚಂದು ತಿರುಗಿ ಬೈಯುತ್ತಿದ್ದಳು. ಮರುಕದಿಂದ ಆಡಿದ ಮಾತಿಗೆ ಏನು ಹೇಳುವುದು? ಅವಳು ಗಂಡನ ಕೈಯನ್ನು ಎದೆಯ ಮೇಲಿಟ್ಟು ಸೆರಗಿನಿಂದ ಒರೆಸಿದಳು.

*

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಯುದ್ಧದುದ್ದಕ್ಕೂ ಇದ್ದಿಲು ತಿಂದು ಹೊಗೆ ಕಾರಿ, ದೀಪಗಳಿಗೆ ಕಪ್ಪು ಮುಸುಕು ಹಾಕಿಕೊಂಡು ತೆವಳಿದ್ದ ಬಸ್ಸುಗಳಿಗೆ ಮತ್ತೆ ಪೆಟ್ರೋಲು ಸಿಗತೊಡಗಿತ್ತು. ಮದರಾಸಿನಲ್ಲಿ ಮಿಲಿಟರಿಯವರು ತಮಗೆ ಬೇಡವಾದ ಸಾಮಾನನ್ನೆಲ್ಲ ಹರಾಜು ಹಾಕುತ್ತಿದ್ದಾರೆಂದು ಕೇಳಿ ಹೆಗ್ಡೆಯವರು ಹೋಗಿ ಒಂದು ದೀಪ ತಂದರು. ಊಟದ ಹರಿವಾಣದಷ್ಟು ಅಗಲದ ಗಾಜು. ತಂದವರು ಸುಮ್ಮನಿರುತ್ತಾರೆಯೇ? ಊರಲ್ಲಿ ಯಾರ ಬಸ್ಸಿಗೂ ಇಲ್ಲದ ಹಾಗೆ ಅದು ಹಣೆಯ ಮೇಲೇ ಇರಬೇಕು, ಬೈಂದೂರಿನಿಂದ ಹೊರಟರೆ ತಲ್ಲೂರಿಗೆ ಕಾಣಬೇಕು ಎಂದು ಹಟ.

ಸೋಮನನ್ನು ಕರೆಸಿದರು. ಅವನು ಹರೆಯದಲ್ಲಿ ಮುಂಬಯಿಯ ಮೋಟಾರು ಷೆಡ್ಡಿನಲ್ಲಿ ಕಲಿತು ಬಂದವನು. ಮಿಲಿಟರಿ ಬಲ್ಬು ಬಸ್ಸಿನ ಬ್ಯಾಟರಿಗೆ ಮೀರಿದ್ದು. ಹಾಗೇ ಹಾಕಿದ್ದರೆ ಮಿಣುಕುಹುಳದಷ್ಟೂ ಬೆಳಗುತ್ತಿರಲಿಲ್ಲ. ಸೋಮ ಅದನ್ನು ಕಿತ್ತು, ಬ್ಯಾಟರಿಗೆ ಹೊಂದುವ ಬಲ್ಬು ಹುಡುಕಿ ಹಾಕಿದ. ಕೆಳಗಿನ ಎರಡು ದೀಪಗಳ ವಯರಿನಿಂದಲೇ ಒಂದು ಕವಲು ಎತ್ತಿ, ಮಾಡಿನ ಮೇಲೆ, ಸಾಮಾನು ಕಟ್ಟುವ ಕಬ್ಬಿಣದ ಅಡಿಯಲ್ಲಿ ಗಂಟು ಹಾಕಿ ಹಣೆದೀಪಕ್ಕೆ ಮುಟ್ಟಿಸಿದ. ಮೊದಲ ಸಂಜೆ ಆ ಬಸ್ಸು ತ್ರಾಸಿಗೆ ಬಂದಾಗ ದೋಣಿ ಎಳೆಯುತ್ತಿದ್ದವರು ಹಗ್ಗ ಬಿಟ್ಟು ನೋಡಿದರು. ಸೋಮ ರಸ್ತೆಯ ಬದಿಯಲ್ಲಿ ಕೈಕಟ್ಟಿ ನಿಂತಿದ್ದ. ಮದುವೆಯ ದಿನವೂ ಅವನ ಮುಖ ಅಷ್ಟು ಅರಳಿರಲಿಲ್ಲವೆಂದು ಚಂದು ಆಮೇಲೆ ಎಷ್ಟೋ ಸಲ ಹೇಳಿ ಕಾಡಿಸಿದ್ದಳು.

ಎರಡು ತಿಂಗಳು ಚೆನ್ನಾಗಿಯೇ ಉರಿಯಿತು. ಒಂದು ಸಂಜೆ ತಲ್ಲೂರಿನ ತಿರುವಿನಲ್ಲಿ ಮೂರೂ ದೀಪ ಒಮ್ಮೆಗೇ ಆರಿದವು. ಬಸ್ಸು ರಸ್ತೆ ಬಿಟ್ಟು ಗದ್ದೆಗೆ ಇಳಿಯಿತು. ಸತ್ತವರಿಲ್ಲ. ಆದರೆ ಮುಂದಿನ ಸೀಟಿನಲ್ಲಿ ಕೂತಿದ್ದವರು ಹೆಗ್ಡೆಯವರ ಸ್ವಂತ ಮಾವ. ಅವರ ಕೈ ಮುರಿಯಿತು. ಮಾವನ ಎದುರು ಮಾನ ಹೋದ ಅಳಿಯನ ಸಿಟ್ಟು ಕೇಳಬೇಕೆ? ಮರುದಿನ ತಲ್ಲೂರಿನಾಚೆ ಹೊಳೆಯ ದಂಡೆಯಲ್ಲಿ, ಕುಂದಾಪುರಕ್ಕೆ ದೋಣಿ ಹತ್ತುವವರನ್ನು ಇಳಿಸಿ ಬಸ್ಸು ನಿಲ್ಲುವಲ್ಲಿ, ಹತ್ತು ಜನರ ಮುಂದೆ ಹೆಗ್ಡೆಯವರು ಕೂಗಿದರು. "ದೀಪ ಹಾಕ್ ಅಂದ್ರೆ ಕತ್ತಲೆ ಹಾಕ್ದ ಮರ್ರೆ ಇವ!"

ಜನ ನಕ್ಕರು. ನಗೆಯೊಂದಿಗೆ ಹೆಸರೂ ಹುಟ್ಟಿತು.

ಹೆಗ್ಡೆಯವರು ಮಂಗಳೂರಿನಿಂದ ಬೇರೆ ಮೇಸ್ತ್ರಿಯನ್ನು ಕರೆಸಿದರು. ಅವನು ಎರಡು ದಿನ ಕೂತು ಏನೇನೋ ಬಿಚ್ಚಿ ಕಟ್ಟಿದ. ಆಮೇಲೆ ಒಂದು ತಿಂಗಳು ಕಳೆದರೂ ದೀಪ ಆರಲಿಲ್ಲವೆಂದು ಹೆಗ್ಡೆಯವರಿಗೆ ಸುದ್ದಿ ಬಂತು. ಮೇಸ್ತ್ರಿಯನ್ನು ಮತ್ತೆ ಕರೆಸಿ, ಅದೇ ಹೊಳೆಯ ದಂಡೆಯಲ್ಲಿ ಶಾಲು ಹೊದೆಸಿದರು. ಸೋಮನಿಗೆ ಈ ಕಡೆಯ ಬಸ್ಸಿನವರು ಯಾರೂ ಕೆಲಸ ಕೊಡಲಿಲ್ಲ. ಹೊಳೆಗಳನ್ನು ದಾಟಿ ಬ್ರಹ್ಮಾವರಕ್ಕೆ ಹೋಗಿ ಸೈಕಲ್ಲಿನ ದೀಪ, ಗ್ಯಾಸ್ ಲೈಟು ರಿಪೇರಿ ಮಾಡಿ ಬರುತ್ತಿದ್ದ. ಅಲ್ಲಿಗೆ ಆ ಹೆಸರು ಇನ್ನೂ ದಾಟಿರಲಿಲ್ಲ.

"ತಪ್ಪ್ ಯಾರದ್?" ಎಂದು ಚಂದು ಒಮ್ಮೆ ಕೇಳಿದ್ದಳು, ಬಡಿಸುವ ಸೌಟು ಎತ್ತಿ ಹಿಡಿದು. "ನೀವ್ ಹೇಳ್ದೇ ಅನ್ನ ಹಾಕುದಿಲ್ಲೆ."

"ನಂದೇ," ಎಂದ ಸೋಮ. "ಅನ್ನ ಹಾಕ್."

*

"ಚಂದಕ್ಕ, ಒಂಚೂರ್ ಬದಿಗ್ ಬನ್ನಿ."

ಹಿರಿಯಣ್ಣ ಮನೆಯ ಹಿಂದಿನ ತೆಂಗಿನ ಬುಡದಲ್ಲಿ ನಿಂತಿದ್ದ. ಆರಡಿ ಆಳು, ಮುಂಡಾಸಿನ ಬಟ್ಟೆಯಿಂದ ಮೂಗು ಒರೆಸಿಕೊಳ್ಳುತ್ತಿದ್ದ.

"ಎಂತ ಹಿರಿಯಣ್ಣ? ಹೆಣ ಎತ್ತುಕೆ ಹೊತ್ತಾಯ್ತ್."

"ನಂಗೆ ಮೂಕಾಂಬಿಕೆ ಆಣಿ ಹಾಕ್ಸಿದ್ರ್ ಅವ್ರ್. ಯಾರಿಗೂ ಹೇಳುಕಾಗ ಅಂದೇಳಿ. ಆಣಿ ಹಾಕ್ಸ್ದವ್ರೇ ಹೋದ್ರ್. ಹೆಗ್ಡೇರ್ ಬಾಯಂಗ್ ಈಗ ಆ ಹೆಸ್ರ್ ಕೇಂಡ್ ನಂಗ್ ತಡುಕಾತಿಲ್ಲೆ." ಹಿರಿಯಣ್ಣ ಉಸಿರು ಎಳೆದುಕೊಂಡ. "ಆ ದೀಪ ಸರಿ ಮಾಡದ್ ಮಂಗ್ಳೂರಿನವ ಅಲ್ಲ. ಸೋಮಣ್ಣ."

ಚಂದು ತೆಂಗಿನ ಮರಕ್ಕೆ ಕೈ ಕೊಟ್ಟು ನಿಂತಳು.

"ಸಮ ಹೇಳ್," ಎಂದಳು.

*

ಮಂಗಳೂರಿನ ಮೇಸ್ತ್ರಿ ಊರಿಗೆ ಹೋದ ಹತ್ತನೆಯ ದಿನವೇ ದೀಪಗಳು ಮತ್ತೆ ಆರಿದ್ದವು. ದೇವರು ದೊಡ್ಡವನು, ಬಸ್ಸು ಆಗ ನಿಧಾನವಾಗಿ ಹೋಗುತ್ತಿತ್ತು. ಹೆಗ್ಡೆಯವರಿಗೆ ಹೇಳಿದರೆ ಈ ಸಲ ತಪ್ಪು ತನ್ನ ತಲೆಗೇ ಬರುತ್ತದೆಂದು ಹಿರಿಯಣ್ಣ ಹೆದರಿ, ಮರುದಿನ ಸೋಮನ ಹತ್ತಿರ ಓಡಿದ. ಮಧ್ಯಾಹ್ನ ಬಸ್ಸು ಹೊಳೆಯ ದಂಡೆಯಲ್ಲಿ ಎರಡು ಗಂಟೆ ಸುಮ್ಮನೆ ನಿಲ್ಲುತ್ತಿತ್ತು. ಸೋಮ ಅಲ್ಲಿಗೆ ಬಂದವನು ಬಸ್ಸನ್ನು ಮುಟ್ಟಲಿಲ್ಲ. ಹಿರಿಯಣ್ಣನನ್ನು ಕೂರಿಸಿಕೊಂಡು ಕೇಳಿದ.

"ಮಳಿ ಬಂದ ದಿನ ಆರಿತಾ?"

"ಇಲ್ಲೆ. ಎರಡ್ ಸಲವೂ ಒಣ ದಿನ."

"ಬೆಳಿಗ್ಗೆ ಬಪ್ಪತಿಗೆ?"

"ಬೆಳಿಗ್ಗೆ ದೀಪ ಎಂತಕ್ ಮರ್ರೆ?"

"ಆ ಎರಡ್ ದಿನ ಮೇಲೆ ಎಂತ ಇದ್ದಿತ್?"

ಹಿರಿಯಣ್ಣ ಯೋಚಿಸಿದ. ಮೊದಲ ಸಲ ಬಂಗಡೆ ರಾಶಿ ಬಿದ್ದ ದಿನ. ಎರಡನೆಯ ಸಲವೂ ಹಾಗೇ. ಹೆಂಗಸರ ಬುಟ್ಟಿಗಳು ಮಾಡಿನ ತುಂಬ ಇದ್ದವು, ಮುಂದಿನ ಅಂಚಿನ ತನಕ.

ಸೋಮ ಏಣಿ ಹತ್ತಿ ಮೇಲೆ ಹೋದ. ಸಾಮಾನು ಕಟ್ಟುವ ಕಬ್ಬಿಣದ ಅಡಿಗೆ ಕೈ ಹಾಕಿ, ವಯರಿನ ಗಂಟು ಬಿಚ್ಚಿ, ತುದಿಯನ್ನು ನಾಲಿಗೆಗೆ ಮುಟ್ಟಿಸಿದ. ಅವನ ಪರೀಕ್ಷೆಯೆಂದರೆ ಅದೇ. ಚುರುಕ್ ಎಂದರೆ ವಯರಿಗೆ ಜೀವ ಇದೆ ಎಂದರ್ಥ. ಈ ಸಲ ಚುರುಕ್ ಅನ್ನುವ ಮೊದಲೇ ಉಪ್ಪು ತಾಗಿತು, ಉಪ್ಪಿನ ಹಿಂದೆ ಬಂಗಡೆಯ ರುಚಿ. ಸೋಮ ಅಲ್ಲೇ ಬಸ್ಸಿನ ಮೇಲೆ ಕೂತುಬಿಟ್ಟ. ಬುಟ್ಟಿಯ ಮೀನು ಕೆಡದಿರಲೆಂದು ಹೆಂಗಸರು ಉಪ್ಪು ಎರಚುತ್ತಾರೆ. ಬಸ್ಸು ಕುಲುಕಿದಷ್ಟೂ ಉಪ್ಪುನೀರು ಸೋರಿ ಸೋರಿ ಗಂಟಿನೊಳಗೆ ಇಳಿಯುತ್ತದೆ. ನೆನೆದ ಗಂಟು ಕಬ್ಬಿಣಕ್ಕೆ ತಾಗಿದರೆ ಫ್ಯೂಸು ಸುಡುತ್ತದೆ, ಎಲ್ಲ ಕತ್ತಲೆ.

"ತಪ್ಪ್ ನಂದೇ ಹಿರಿಯಣ್ಣ," ಎಂದ ಇಳಿದು ಬಂದು. "ಮೂರ್ ದೀಪಕ್ಕೆ ಒಂದೇ ದಾರಿ ಕೊಟ್ಟೆ. ಮೇಲಿಂದ್ ಸತ್ತ್ರೆ ಕೆಳಗಿಂದೂ ಸತ್ತ್ ಹೋತ್. ಕರೆಂಟ್ ವಾಪಾಸ್ ಬಪ್ಪ ದಾರಿಗೆ ಬಸ್ಸಿನ ಕಬ್ಬಿಣವೇ ಸಾಕ್ ಅಂದ್ ನಂಬ್ದೆ. ಕಡಲ್ ಬದಿ ಕಬ್ಬಿಣ ನಂಬುಕಾಗ್ದಿತ್ತ್."

ನಾಲ್ಕು ಮಧ್ಯಾಹ್ನ ಕೂತು ಎಲ್ಲವನ್ನೂ ಹೊಸದಾಗಿ ಮಾಡಿದ. ಹಣೆದೀಪಕ್ಕೆ ಬೇರೆಯೇ ವಯರು, ಬೇರೆಯೇ ಫ್ಯೂಸು. ಅದು ಹೋದರೂ ಕೆಳಗಿನವು ಉರಿಯಬೇಕು. ಕಬ್ಬಿಣವನ್ನು ನಂಬದೆ ಬ್ಯಾಟರಿಯ ತನಕ ವಾಪಸು ವಯರು ಎಳೆದ. ಗಂಟಿನ ಮೇಲೆ ಬಟ್ಟೆ ಸುತ್ತಿ, ಅದರ ಮೇಲೆ ದೋಣಿಗೆ ಬಳಿಯುವ ಮೇಣವನ್ನು ಬಿಸಿಬಿಸಿಯಾಗಿ ಬಳಿದ. ಕಡಲಲ್ಲಿ ವರ್ಷವಿಡೀ ನೆನೆಯುವ ಹಲಗೆಗೆ ನೀರು ಹೋಗದ ಹಾಗೆ ಮಾಡುವ ವಸ್ತು ಒಂದು ಬುಟ್ಟಿ ಬಂಗಡೆಯ ನೀರಿಗೆ ಸೋಲುತ್ತದೆಯೇ? ಆದರೆ ಬಿಸಿಲಿಗೆ ಅದು ಬಿರುಕು ಬಿಡುತ್ತದೆ. ಹಾಗಾಗಿ ತಿಂಗಳಿಗೊಮ್ಮೆ, ಬ್ರಹ್ಮಾವರದಿಂದ ಬರುವಾಗ, ಹೊಳೆಯ ದಂಡೆಯಲ್ಲಿ ಬಸ್ಸು ಹತ್ತಿ ಮತ್ತೆ ಬಳಿದು ಬರುತ್ತಿದ್ದ. ಮೂರು ವರ್ಷದಲ್ಲಿ ಒಂದು ತಿಂಗಳೂ ತಪ್ಪಿಸಲಿಲ್ಲ.

"ಹೆಗ್ಡೇರಿಗ್ ಹೇಳ್ವ ಸೋಮಣ್ಣ," ಎಂದಿದ್ದ ಹಿರಿಯಣ್ಣ. "ಮಂಗ್ಳೂರಿನವ್ನಿಗ್ ಶಾಲ್ ಹೊದ್ಸ್ತ್ರಂಬ್ರ್! ನಿಮ್ ಹೆಸ್ರ್ ಸರಿ ಆಯ್ಕಲೆ."

ಸೋಮ ಅವನ ಕೈ ಹಿಡಿದುಕೊಂಡ. "ಬುಟ್ಟಿ ನೀರಿಂದ ಆದ್ದ್ ಅಂದ್ ಗೊತ್ತಾದ್ರೆ ಹೆಗ್ಡೇರ್ ಮಾರ್ನೆ ದಿನವೇ ಬುಟ್ಟಿ ಕೆಳಗ್ ಹಾಕ್ತ್ರ್. ನನ್ನ ಹೆತ್ತಬ್ಬಿ ನಲ್ವತ್ತ್ ವರ್ಷ ತಲಿ ಮೇಲೆ ಬುಟ್ಟಿ ಹೊತ್ಕಂಡ್ ಈ ರಸ್ತಿ ಮೇಲೆ ಓಡಿತ್. ಸಾಯುವತಿಗೆ ಅದ್ರ್ ಪಾದ ಕಂಡಿದ್ಯಾ ನೀನ್? ಚಂದುನೂ ಹಾಂಗೇ ಓಡ್ಕಾ? ಹೆಸ್ರ್ ಎಂತದೇ ಇರ್ಲಿ. ಕೊಲ್ಲೂರಮ್ಮನ ಆಣಿ, ಬಾಯಿ ಬಿಡುಕಾಗ."

*

ಚಂದು ಮರಕ್ಕೆ ಒರಗಿ ಅತ್ತಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು, ಸಿಟ್ಟಿನ ಜೊತೆಗೇ ಬಂತು. "ಅಯ್ಯೋ ಹಾಳ್ ಗಂಡ್ಸೇ! ನಂಗಾರೂ ಒಂದ್ ಮಾತ್ ಹೇಳುಕಾಗ್ದಿತ್ತಾ? ಸೌಟ್ ಹಿಡ್ಕಂಡ್ ಕೇಂಡ್ನಲೆ ನಾನ್!"

"ನಿಮ್ಗೆ ಹೇಳಿರೆ ಊರಿಗೇ ಹೇಳ್ದಂಗೆ ಅಂದ್ರ್," ಎಂದ ಹಿರಿಯಣ್ಣ, ಸುಳ್ಳು ಹೇಳಲು ಬಾರದವನು.

ಅಳುವಿನ ನಡುವೆ ಚಂದುವಿಗೆ ನಗು ಬಂತು. ನಿಜವೇ ಹೇಳಿದ್ದ ಪುಣ್ಯಾತ್ಮ.

ಕಣ್ಣೊರೆಸಿಕೊಂಡು ಅವಳು ರಸ್ತೆಯ ಕಡೆ ನೋಡಿದಳು. ಬಾಯಿ ಬಿಟ್ಟರೆ ಗಂಡನ ಮಾನ ಉಳಿಯುತ್ತದೆ, ಬುಟ್ಟಿಗಳು ಹೋಗುತ್ತವೆ. ತ್ರಾಸಿಯಲ್ಲಿ ಅವಳ ಹಾಗೆ ಮೀನು ಮಾರುವ ಹೆಂಗಸರು ಇಪ್ಪತ್ತೆರಡು ಜನ. ಮತ್ತೆ ಎಲ್ಲರೂ ಓಡಬೇಕು. ಬಾಯಿ ಮುಚ್ಚಿದರೆ ಬುಟ್ಟಿ ಉಳಿಯುತ್ತದೆ, ಅವನ ಮಾನ ಹೆಣದ ಜೊತೆ ಚಿತೆ ಏರುತ್ತದೆ. ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು.

"ಹಿರಿಯಣ್ಣ, ಕಡಿಗ್ ಬಳ್ದದ್ ಯಾವಾಗ?"

"ಮೊನ್ನೆ ಮಂಗ್ಳಾರ."

"ಮುಂದಿನ ತಿಂಗ್ಳ್ ಯಾರ್ ಬಳಿತ್ರ್?"

ಹಿರಿಯಣ್ಣ ಬಸ್ಸಿನ ಮಾಡಿನ ಕಡೆ ನೋಡಿದ. ಯಾರೂ ಬಳಿಯುವುದಿಲ್ಲ. ಎರಡು ತಿಂಗಳಲ್ಲಿ ಮೇಣ ಬಿರುಕು ಬಿಡುತ್ತದೆ, ಹಣೆದೀಪ ಆರುತ್ತದೆ, ಹೆಗ್ಡೆಯವರು ಹೊಸ ಮೇಸ್ತ್ರಿಯನ್ನು ಕರೆಸುತ್ತಾರೆ, ಅವನು ನೀರು ಸೋರುವುದನ್ನು ನೋಡಿಯೇ ನೋಡುತ್ತಾನೆ. ಬುಟ್ಟಿಯೂ ಹೋಯಿತು, ಮಾನವೂ ಹೋಯಿತು. ಗುಟ್ಟು ಗಂಡನ ಜೀವ ಇರುವ ತನಕ ಮಾತ್ರ ಬಾಳುವಂಥದ್ದಾಗಿತ್ತು. ಏನಾದರೂ ಮಾಡುವುದಿದ್ದರೆ ಇವತ್ತೇ ಮಾಡಬೇಕು, ಅವನ ಕೈ ಬಳಿದ ಮೇಣ ಇನ್ನೂ ಹಸಿಯಾಗಿರುವಾಗಲೇ.

"ಹೋಯಿ ಮೂರೂ ದೀಪ ಹಾಕ್," ಎಂದಳು ಚಂದು.

"ಈಗ್ಳಾ? ಹಗ್ಲಂಗಾ?"

"ಹಾಕ್ ಅಂದೆ."

ಅವಳು ಅಂಗಳ ದಾಟಿ ಪಕ್ಕದ ಮನೆಯ ರತ್ನಳ ಜಗಲಿಗೆ ನಡೆದಳು. ರತ್ನ ಅವಳ ಜೊತೆಯಲ್ಲೇ ಮೀನು ಮಾರುವವಳು. ಬೆಳಗಿನ ಬಂಗಡೆ ಅಲ್ಲಿ ಎರಡು ಕೊಡಗಳಲ್ಲಿ ಉಪ್ಪುನೀರಿನೊಳಗೆ ಬಿದ್ದಿತ್ತು. ಚಂದು ಮೀನನ್ನು ಬುಟ್ಟಿಗೆ ಸುರಿದು, ನೀರನ್ನಷ್ಟೇ ಕೊಡದಲ್ಲಿ ಉಳಿಸಿ ಸೊಂಟಕ್ಕೇರಿಸಿದಳು. ಇನ್ನೊಂದನ್ನು ರತ್ನಳ ಕೈಗೆ ಕೊಟ್ಟಳು. ನೆರೆದವರು ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಅವಳು ಬಸ್ಸಿನ ಹಿಂದಿನ ಏಣಿ ಹತ್ತಿದ್ದಳು. ಆ ಏಣಿ ಅವಳಿಗೆ ಹೊಸದಲ್ಲ. ಆದರೆ ಗಂಡನ ಹೆಣ ಅಂಗಳದಲ್ಲಿರುವಾಗ ಹೆಂಡತಿ ಬಸ್ಸಿನ ನೆತ್ತಿಯ ಮೇಲೆ ನಿಂತದ್ದನ್ನು ಆ ಊರು ಹಿಂದೆಂದೂ ನೋಡಿರಲಿಲ್ಲ.

"ಅತ್ತಿಗೇ!" ಎಂದು ಪುಷ್ಪ ಚೀರಿದಳು. "ಇಳಿ ಕೆಳಗೆ!"

"ಎಂತ ಮಾಡ್ತಿದ್ದಿ ಚಂದು?" ಹೆಗ್ಡೆಯವರು ರಸ್ತೆಗೆ ಬಂದರು. "ತಲಿ ಸಮ ಇತ್ತಾ ನಿಂಗೆ? ಹಿರಿಯಣ್ಣ, ಹಗ್ಲಂಗೆ ದೀಪ ಎಂತಕಾ?"

ಹಣೆದೀಪ ಹೊತ್ತಿಕೊಂಡಿತ್ತು. ಬಿಸಿಲಿಗೆ ಮಂಕಾಗಿದ್ದರೂ ಗಾಜಿನೊಳಗಿನ ಹಳದಿ ಎಲ್ಲರಿಗೂ ಕಾಣುತ್ತಿತ್ತು.

"ಹೆಗ್ಡೇರೇ," ಎಂದಳು ಚಂದು. ಬುಟ್ಟಿ ಹೊತ್ತು ಸಂತೆಯಲ್ಲಿ ಕೂಗಿದ ಗಂಟಲು, ದಂಡೆಯಲ್ಲಿ ಸೌದೆ ಒಟ್ಟುತ್ತಿದ್ದವರಿಗೂ ಕೇಳಿಸಿತು. "ನಿಮ್ ಮಾವ ಗದ್ದಿಗ್ ಬಿದ್ದದ್ ಎಂತಕ್ ಗೊತ್ತಿತ್ತಾ? ಈ ನೀರಿಂದ. ನಮ್ ಬುಟ್ಟಿ ನೀರಿಂದ."

"ಏ ಹೆಣ್ಣೇ, ಬಾಯ್ ಮುಚ್ಚ್!" ಕೆಳಗಿನಿಂದ ರತ್ನ ಹೆದರಿ ಪಿಸುಗುಟ್ಟಿದಳು.

ಹೆಗ್ಡೆಯವರ ಮುಖ ಕೆಂಪಾಯಿತು. "ಬುಟ್ಟಿ ನೀರಾ? ಹಾಂಗಾರೆ ನಾಳಿಂದ ಒಂದ್ ಬುಟ್ಟಿನೂ..."

"ನಾಳಿಂದೆಂತ ಅಂತ ಆಮೇಲ್ ಹೇಳಿ. ಮೊದ್ಲ್ ದೀಪ ಕಾಣಿ. ಇದ್ನ ಸರಿ ಮಾಡದ್ ನಿಮ್ ಮಂಗ್ಳೂರಿನವ ಅಲ್ಲ. ಅಲ್ಲ್ ಮನ್ಕಂಡಿದ್ರಲೆ, ಅವ್ರ್. ಈ ನೀರಿಗೆ ದೀಪ ಆರ್ರೆ ಬುಟ್ಟಿನೂ ಬ್ಯಾಡ, ಅವ್ರಿಗ್ ನೀವ್ ಇಟ್ಟ್ ಹೆಸ್ರೂ ಇರ್ಲಿ!"

ಅಂದದ್ದೇನೋ ಅಂದಳು. ಕೊಡ ಎತ್ತಿ ಕಬ್ಬಿಣದ ಅಂಚಿಗೆ ಊರಿದಳು. ಇಪ್ಪತ್ತೆರಡು ಮನೆಯ ಅನ್ನ, ಸತ್ತ ಗಂಡನ ಮಾನ, ಎರಡನ್ನೂ ಒಂದು ಕೊಡ ನೀರಿಗೆ ಒಡ್ಡಿದ್ದಳು. ಮೇಣ ಎಲ್ಲಾದರೂ ಒಂದು ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ದರೆ? ಅವಳು ಅಂಗಳದ ಕಡೆ ಒಮ್ಮೆ ನೋಡಿದಳು. ಆಮೇಲೆ ಕೊಡವನ್ನು ಬಗ್ಗಿಸಿ, ಕಬ್ಬಿಣದ ಅಡಿಯ ಕಪ್ಪು ಗಂಟಿನ ಮೇಲೆಯೇ ನೀರು ಹೊಯ್ದಳು. ಕೊನೆಯ ಹನಿಯ ತನಕ ಹೊಯ್ದಳು.

ನೀರು ಹಣೆದೀಪದ ಬದಿಯಿಂದ, ಮುಂದಿನ ಗಾಜಿನ ಮೇಲಿಂದ ಜಾರಿ ರಸ್ತೆಗೆ ಬಿತ್ತು. ಬಂಗಡೆಯ ವಾಸನೆ ಎದ್ದಿತು. ದೀಪ ಉರಿಯುತ್ತಿತ್ತು.

ಹೆಗ್ಡೆಯವರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಪೂರ್ತಿ ನಂಬದೆ ಒಪ್ಪುವ ಆಸಾಮಿ ಅವರಲ್ಲ.

"ಮತ್ತೊಂದ್ ಕೊಡ ಹೊಯ್ಯಿ," ಎಂದರು.

ರತ್ನ ಕೊಡ ಎತ್ತಿ ಕೊಟ್ಟಳು. ಈ ಸಲ ಚಂದು ಅಂಗಳದ ಕಡೆ ನೋಡಲಿಲ್ಲ. ಎರಡನೆಯ ಕೊಡವೂ ಖಾಲಿಯಾಯಿತು. ಮೂರೂ ದೀಪ ಉರಿಯುತ್ತಲೇ ಇದ್ದವು.

"ಆರ್ಲಿಲ್ಲೆ!" ಎಂದು ಕೂಗಿದವನು ಪುಷ್ಪಳ ಮಗ ಮುತ್ತು, ಸೋದರಮಾವನ ಚಿತೆಗೆ ಬೆಂಕಿ ಕೊಡಲೆಂದು ಒದ್ದೆ ಪಂಚೆ ಉಟ್ಟು ನಿಂತಿದ್ದವನು. ಅವನ ಕೂಗಿಗೆ ಬಸ್ಸಿನ ಜನವೂ ದಂಡೆಯ ಜನವೂ ಹೋ ಎಂದರು. ಸಾವಿನ ಮನೆಯ ಮುಂದೆ ಹಾಗೆ ಕೂಗಬಾರದೆಂದು ಒಬ್ಬರಿಗೂ ಹೊಳೆಯಲಿಲ್ಲ. ಬೀಡಿ ಕಚ್ಚಿಕೊಂಡಿದ್ದ ಮುದುಕ ಸೂರ ಬೀಡಿ ಬೀಳಿಸಿಕೊಂಡು ಚಪ್ಪಾಳೆ ಹೊಡೆದ.

ಹೆಗ್ಡೆಯವರು ಪಂಚೆ ಎತ್ತಿ ಕಟ್ಟಿ, ತಮ್ಮ ದಪ್ಪ ಮೈ ಹೊತ್ತುಕೊಂಡು ತಾವೇ ಏಣಿ ಹತ್ತಿದರು. ಕಬ್ಬಿಣದ ಅಡಿಗೆ ಕೈ ಹಾಕಿ ಗಂಟನ್ನು ಮುಟ್ಟಿದರು, ಒತ್ತಿದರು. ಕೈಗೆ ಕಪ್ಪು ಹತ್ತಿತು. ಹಿರಿಯಣ್ಣ ಕೆಳಗಿನಿಂದ ಎಲ್ಲವನ್ನೂ ಹೇಳಿದ. ನಾಲಿಗೆಗೆ ವಯರು ಮುಟ್ಟಿಸಿದ್ದು, ತಿಂಗಳು ತಿಂಗಳು ಬಳಿದದ್ದು, ಆಣೆ ಹಾಕಿಸಿದ್ದು. ಸೋಮನ ತಾಯಿಯ ಪಾದದ ಮಾತು ಬಂದಾಗ ಹೆಗ್ಡೆಯವರು ಮುಖ ಆಚೆ ತಿರುಗಿಸಿದರು. ಆ ಮುದುಕಿಯಿಂದ ಮೀನು ಕೊಂಡು ತಿಂದು ಬೆಳೆದವರೇ ಅವರೂ.

ಕೆಳಗಿಳಿದು ನೇರವಾಗಿ ಅಂಗಳಕ್ಕೆ ಹೋದರು. ಹೆಗಲ ಮೇಲಿನ ಜರಿ ಶಾಲನ್ನು ತೆಗೆದು ಕೊಡವಿ, ಸೋಮನ ಎದೆಯಿಂದ ಪಾದದ ತನಕ ಹೊದೆಸಿದರು. "ಶಾಲ್ ಯಾರಿಗೋ ಹೊದ್ಸಿ ಬಂದೆ ನಾನ್," ಎಂದರು. ಆಮೇಲೆ ಜನರ ಕಡೆ ತಿರುಗಿ, ಹೊಳೆಯ ದಂಡೆಯಲ್ಲಿ ಅವತ್ತು ಕೂಗಿದ್ದ ಅದೇ ದನಿಯಲ್ಲಿ ಕೂಗಿದರು. "ಹ್ವಾಯ್, ಎಲ್ರೂ ಕೇಣಿ! ಆ ಹೆಸ್ರ್ ಇಟ್ಟದ್ ನಾನ್. ಇವತ್ತ್ ವಾಪಾಸ್ ತಕಂತೆ. ಇನ್ನ್ ಯಾರಾರೂ ಹಾಂಗ್ ಕರ್ದ್ರೆ ಅವ್ರ್ ನನ್ ಬಸ್ಸ್ ಹತ್ತುದ್ ಬ್ಯಾಡ, ನಡ್ಕಂಡ್ ಹೋಯ್ಲಿ ಕುಂದಾಪ್ರಕ್ಕೆ!"

"ಬುಟ್ಟಿ?" ಚಂದು ಇನ್ನೂ ಏಣಿಯ ಮೇಲೆಯೇ ಇದ್ದಳು.

"ಬುಟ್ಟಿ ಇದ್ದಲ್ಲೇ ಇರ್ಲಿ. ಆದ್ರೆ ತಿಂಗ್ಳ್ ತಿಂಗ್ಳ್ ಬಳೂದ್ ಯಾರ್?"

"ದೋಣಿಗ್ ಬಳೂದ್ ನಮ್ಗ್ ಹೊಸ್ತಾ ಹೆಗ್ಡೇರೇ? ಇಪ್ಪತ್ತೆರಡ್ ಜನ ಇತ್ತ್. ನಮ್ಗ್ ಬಿಡಿ."

*

ಗಂಡಸರು ಸೋಮನನ್ನು ಎತ್ತಿದರು. ಜರಿ ಅಂಚು ಬಿಸಿಲಿಗೆ ಮಿರುಗುತ್ತ ದಂಡೆಯ ಕಡೆ ಹೋಯಿತು. ಬಸ್ಸಿನಲ್ಲಿದ್ದವರು ಸುಮಾರು ಇಪ್ಪತ್ತು ಜನ, ತಡವಾಯಿತೆಂದು ಗೊಣಗಿದವರು ಇಬ್ಬರೇ. ಆ ಇಬ್ಬರೂ ಚಿತೆಯ ಹತ್ತಿರ ಹೋಗಿ ನಿಂತರು. ಚಂದು ಮೈಗೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯಲ್ಲೇ ಅಂಗಳದ ಅಂಚಿಗೆ ಬಂದು ನಿಂತಳು. ಮುತ್ತು ಬೆಂಕಿ ಇಟ್ಟದ್ದು ಅಲ್ಲಿಂದ ಕಾಣಿಸಿತು. ಅವಳು ಕಣ್ಣು ಮುಚ್ಚಲಿಲ್ಲ. ಬೆಳಿಗ್ಗೆ ಎದೆಯ ಮೇಲೆ ಕೂತಿದ್ದ ಭಾರ ಈಗ ಇರಲಿಲ್ಲ. ದುಃಖ ಇತ್ತು, ಬೇಕಾದಷ್ಟಿತ್ತು, ಆದರೆ ಅದು ಬರೀ ದುಃಖವೇ ಆಗಿತ್ತು.

ಬಸ್ಸಿನ ದೀಪಗಳು ಉರಿಯುತ್ತಲೇ ಇದ್ದವು. ಹೆಗ್ಡೆಯವರು ದಂಡೆಯಿಂದ ವಾಪಸು ಬಂದಾಗ ಅದನ್ನು ಕಂಡರು.

"ಆರ್ಸ್ ಮರಾಯ, ಬ್ಯಾಟ್ರಿ ಇಳಿತ್."

"ನೀವೇ ಆರ್ಸಿ ಹೆಗ್ಡೇರೇ," ಎಂದ ಹಿರಿಯಣ್ಣ. "ನನ್ ಕೈಯಂಗ್ ಆತಿಲ್ಲೆ."

ಹೆಗ್ಡೆಯವರು ಬಸ್ಸಿನೊಳಗೆ ಬಗ್ಗಿ ಸ್ವಿಚ್ಚಿಗೆ ಕೈ ಹಾಕಿದರು. ಹಾಕಿದ ಕೈ ಹಾಗೆಯೇ ಸ್ವಲ್ಪ ಹೊತ್ತು ಇತ್ತು. ಆಮೇಲೆ ಏನೂ ಮಾಡದೆ ಇಳಿದು ಬಂದು, ತೆಂಗಿನ ನೆರಳಿನಲ್ಲಿ ಕೂತು ಮುದುಕ ಸೂರನ ಹತ್ತಿರ ಒಂದು ಬೀಡಿ ಕೇಳಿದರು. ಚಿತೆ ಕುಸಿಯುವ ಹೊತ್ತಿಗೆ ದೀಪಗಳೂ ಕೆಂಪಗಾಗಿ, ಬ್ಯಾಟರಿಯ ಜೀವ ತೀರಿ, ತಾವಾಗಿಯೇ ಆರಿದವು.

ಕೋರ್ಟಿನ ಹೊತ್ತು ಯಾವಾಗಲೋ ಮೀರಿತ್ತು. ಹೆಗ್ಡೆಯವರು ಎದ್ದು ಸುತ್ತ ನೋಡಿದರು. "ಬುಟ್ಟಿ ಹಾಕ್ಲಿಲ್ಯಾ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ತ ದಿನ ಹೇಗೆ ಹೋಗುವುದು?

"ಹೋಯ್ಬನ್ನಿ," ಎಂದಳು ಚಂದು. "ಮೀನ್ ಹಾಳಾತ್. ಇವತ್ತ್ ಹೋಪುಕಾಗ ಅಂದ್ ಅವ್ರ್ ಹೇಳ್ತಿರ್ಲಿಲ್ಲೆ."

ಬುಟ್ಟಿಗಳು ಒಂದೊಂದಾಗಿ ಏಣಿ ಹತ್ತಿ ಮಾಡಿನ ಮುಂದಿನ ಅಂಚಿನ ತನಕ ತುಂಬಿದವು. ಹಿರಿಯಣ್ಣ ಹ್ಯಾಂಡಲು ಹಾಕಿ ತಿರುಗಿಸಿದ. ಹತ್ತು ಸಲ ತಿರುಗಿಸಿದರೂ ಇಂಜಿನ್ನು ಕೆಮ್ಮಲಿಲ್ಲ. ನೂಕುವುದೊಂದೇ ದಾರಿ. ಗಂಡಸರು ಬಂದರು, ರತ್ನಳೂ ಉಳಿದ ಹೆಂಗಸರೂ ಸೀರೆ ಎತ್ತಿ ಕಟ್ಟಿ ಬಂದರು. ಅವರ ನಡುವೆ, ಏಣಿಯ ಕೆಳಗೇ, ಭೋಜರಾಜ ಹೆಗ್ಡೆಯವರು ಹೆಗಲು ಕೊಟ್ಟು ನಿಂತರು.

"ಹಾಕ್ ಜೋರ್! ಐಸಾ!"

ಬಸ್ಸು ಅಲುಗಿತು. ಮೇಲಿನ ಬುಟ್ಟಿಗಳು ಕುಲುಕಿ, ಬಂಗಡೆಯ ನೀರು ಹೆಗ್ಡೆಯವರ ಬಿಳಿ ಶರ್ಟಿನ ಬೆನ್ನ ಮೇಲೆ ಧಾರೆಯಾಗಿ ಸುರಿಯಿತು. ಅವರು ಬೈದುಕೊಂಡೇ ನೂಕಿದರು. ಚಕ್ರಗಳ ಜೊತೆ ಇಂಜಿನ್ನಿನ ಡೈನಮೋವೂ ತಿರುಗಿತು, ನೂಕುವವರ ನಡಿಗೆ ಓಟವಾಯಿತು. ಅಂಗಳದ ಅಂಚಿನಿಂದ ಚಂದುವೂ ರಸ್ತೆಗೆ ಇಳಿದು, ಬಸ್ಸಿನ ಮುಂದಕ್ಕೆ ಓಡಿ ನೋಡಿದಳು. ಯಾರೂ ಆರಿಸದ ಹಣೆದೀಪದೊಳಗೆ ಮೊದಲು ಒಂದು ಎಳೆ ಕೆಂಪು ಕಂಡಿತು, ಬೂದಿ ಸರಿಸಿದ ಕೆಂಡದಷ್ಟು. ಇಂಜಿನ್ನು ಒಮ್ಮೆ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಗುಡುಗಿ ಹಿಡಿದುಕೊಂಡಿತು. ಬಂಗಡೆಯ ನೀರು ತೊಟ್ಟಿಕ್ಕುತ್ತಿದ್ದ ಆ ಗಾಜಿನೊಳಗೆ ಬೆಳಕು ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ಏರುತ್ತ ಏರುತ್ತ, ತಲ್ಲೂರಿನ ಕಡೆಗೆ ಹೊರಟಿತು.